ಕೋಳಿಯ ಆಹಾರವೂ ಅದರ ಉದರವೂ

೧೮೮೯ರ ಸುಮಾರಿಗೆ ಜಾವಾ ದ್ವೀಪದ ಬಟೇವಿಯಾ ನಗರದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಸೈನಿಕ ಆಸ್ಪತ್ರೆಯೊಂದಕ್ಕೆ ಸೇರಿದ ಪ್ರಯೋಗಶಾಲೆಯ ಕೋಳಿಗಳು ಕಾಲಿನ ಬಲವುಡುಗಿ ತೂರಾಡತೊಡಗಿದುವು. ಕೆಲವು ನೆಲಹಿಡಿದು ಸತ್ತುವು. ಡಚ್ ವೈದ್ಯನಾದ ಕ್ರಿಸ್ಟಿಯಾನ್ ಐಕ್‌ಮನ್ನನು ಆಗ ಬೆರಿಬೆರಿ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಹುಡುಕುತ್ತಿದ್ದನು. ಕೋಳಿಗಳ ರೋಗವು ಬೆರಿಬೆರಿಯನ್ನೇ ಹೋಲುತ್ತಿತ್ತು. ಆದರೆ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಮಾಯವಾಯಿತು. ವಿಚಾರಿಸಲಾಗಿ ತಿಳಿದುಬಂದ ಸಂಗತಿ ಇದು: ಅಷ್ಟುಕಾಲವೂ ಕೋಳಿಗಳಿಗೆ ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಬಿಳಿಯ ಅನ್ನವನ್ನು ಹಾಕಲಾಗುತ್ತಿತ್ತು; ಹೊಸದಾಗಿ ಬಂದ ಅಡಿಗೆಯವನು ಸೈನಿಕರ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾಗದೆಂದು ನಿರಾಕರಿಸಿದನು; ಅಂದಿನಿಂದ ಅವು ತೌಡು ಪೂರ್ತಿ ಹೋಗದ ಅಕ್ಕಿಯನ್ನು ತಿಂದು ಚೇತರಿಸಿಕೊಂಡುವು. ಅಡಿಗೆಯವನೊಬ್ಬನ ಕಟ್ಟುನಿಟ್ಟಿನಿಂದ ವೈದ್ಯಶಾಸ್ತ್ರಕ್ಕೆ ಇಷ್ಟು ಲಾಭವಾದ ಉದಾಹರಣೆ ವಿರಳ.

ಐಕ್‌ಮನ್ನನು ಇದಕ್ಕೆ ಕೊಟ್ಟ ವಿವರಣೆ ಮಾತ್ರ ಬೇರೆಯಾಗಿತ್ತು. ಬಿಳಿಯ ಅಕ್ಕಿಯ ಪಿಷ್ಟದಿಂದ ಕರುಳಿನೊಳಗೆ ಯಾವುದೋ ವಿಷ ಹುಟ್ಟುತ್ತದೆಂದೂ ತೌಡಿನ ಪೊರೆಯಲ್ಲಿ ಅದಕ್ಕೆ ಪ್ರತಿವಿಷವುಂಟೆಂದೂ ಆತನು ಊಹಿಸಿದನು. ೧೯೦೧ರಲ್ಲಿ ಆತನ ಉತ್ತರಾಧಿಕಾರಿಯಾದ ಗೆರಿಟ್ ಗ್ರೈನ್ಸನು ಇದು ವಿಷದ ಮಾತಲ್ಲ, ತೌಡಿನಲ್ಲಿರುವ ಒಂದು ಪೋಷಕದ ಅಭಾವದ ಮಾತು ಎಂದು ತೋರಿಸಿಕೊಟ್ಟನು. ಆ ಪೋಷಕವನ್ನು ಈಗ ನಾವು ಥಯಾಮಿನ್ ಎಂಬ ಜೀವಸತ್ತ್ವವೆಂದು ಬಲ್ಲೆವು. ೧೯೨೯ರಲ್ಲಿ ಐಕ್‌ಮನ್ನನಿಗೆ ನೊಬೆಲ್ ಪಾರಿತೋಷಿಕ ದೊರೆಯಿತು. ಬೆರಿಬೆರಿಯ ಮಟ್ಟಿಗೆ ಆತನ ಊಹೆ ನಿಲ್ಲಲಿಲ್ಲವಾದರೂ ಅದರಲ್ಲಿ ಅಡಗಿದ್ದ ಪ್ರಶ್ನೆ ಸಾರವತ್ತಾದುದು. ಹಕ್ಕಿ ನುಂಗಿದ ಕಾಳು ಬರಿಯ ಪೋಷಕಗಳ ಮೂಟೆಯಲ್ಲ. ಅದು ಕರುಳಿನಲ್ಲಿ ಏನಾಗಿ ಮಾರ್ಪಡುತ್ತದೆ, ಅಲ್ಲಿ ಯಾವ ಜೀವಿಗಳನ್ನು ಸಾಕುತ್ತದೆ, ಕಡೆಗೆ ಆ ಕರುಳನ್ನೇ ಹೇಗೆ ರೂಪಿಸುತ್ತದೆ ಎಂಬುದನ್ನು ಅರಿಯದೆ ಕೋಳಿಯ ಆಹಾರವನ್ನು ಕುರಿತು ಏನನ್ನೂ ಹೇಳಲಾಗದು.

ಶಾಸನಪಾಠಕ್ಕೂ ಗ್ರಂಥಸಂಪಾದನೆಗೂ ಮೀಸಲಾದ ಪುಟಗಳಲ್ಲಿ ಕೋಳಿಯ ಕರುಳಿನ ವಿಚಾರವೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಕೋಳಿಯನ್ನು ಮುಟ್ಟದವರೂ ನಮ್ಮಲ್ಲಿ ಅನೇಕರುಂಟು. ಆದರೆ ತಿನ್ನುವವರಿಗೂ ತಿನ್ನದವರಿಗೂ ಸಮವಾಗಿ ಸಂಬಂಧಪಟ್ಟ ಪ್ರಶ್ನೆಯೊಂದು ಇದರಲ್ಲಿದೆ. ಕೋಳಿಯ ಕರುಳನ್ನು ಹದದಲ್ಲಿಡಲು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಲೋಕದಾದ್ಯಂತ ಬಳಸಿದ ಔಷಧಗಳಲ್ಲಿ ಹಲವು ಮನುಷ್ಯರ ಸೋಂಕುಗಳಿಗೂ ಔಷಧಗಳೇ. ಅವುಗಳನ್ನು ಕೋಳಿಯ ಮೇವಿಗೆ ಬೆರಸಿದಷ್ಟೂ ಅವಕ್ಕೆ ಬಗ್ಗದ ರೋಗಾಣುಗಳು ಬಲಿಯುತ್ತವೆ. ಔಷಧ ಮಾಡುತ್ತಿದ್ದ ಕೆಲಸವನ್ನು ಕಾಳು, ಹೊಟ್ಟು, ನಾರುಗಳಿಂದ ಮಾಡಿಸಬಹುದೇ ಎಂಬುದು ಆದಕಾರಣ ಕೋಳಿ ಸಾಕುವವನೊಬ್ಬನ ಪ್ರಶ್ನೆಯಾಗಿ ಉಳಿದಿಲ್ಲ.

ಮೊದಲು ಅಂಗರಚನೆಯನ್ನು ಸ್ಥೂಲವಾಗಿ ನೋಡೋಣ. ಹಕ್ಕಿಗೆ ಹಲ್ಲಿಲ್ಲ. ಕೊಕ್ಕಿನಿಂದ ಹೆಕ್ಕಿದ ಕಾಳು ಇಡಿಯಾಗಿಯೇ ಅನ್ನನಾಳಕ್ಕೆ ಇಳಿದು ಕೊರಳ ಬುಡದಲ್ಲಿರುವ ಚೀಲದಲ್ಲಿ ಕೆಲಹೊತ್ತು ತಂಗುತ್ತದೆ. ಈ ಕೊರಳಚೀಲದಲ್ಲಿ ಕಾಳು ನೆನೆಯುತ್ತದೆ. ಹಾಲನ್ನು ಮೊಸರಾಗಿಸುವ ಏಕಾಣುಜೀವಿಗಳ ಬಳಗದವೇ ಇಲ್ಲಿಯೂ ಮನೆಮಾಡಿಕೊಂಡು, ದೋಸೆಯ ಹಿಟ್ಟು ಹುಳಿಯುವಂತೆ, ಅದನ್ನು ಅಷ್ಟಿಷ್ಟು ಹುಳಿಯಿಸುತ್ತವೆ. ಮುಂದಿನದು ಗ್ರಂಥಿಜಠರ, ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಸ್ರವಿಸುವುದು ಇಲ್ಲಿ. ಅದಕ್ಕೆ ಹೊಂದಿಕೊಂಡಂತೆ ದಪ್ಪ ಮಾಂಸದ ಗೋಡೆಯುಳ್ಳ ಪೇಷಣಜಠರ. ಅಲ್ಲಿಂದ ಸಣ್ಣಕರುಳು: ಪಿತ್ತರಸವೂ ಮೇದೋಜೀರಕರಸವೂ ಬಂದು ಸೇರಿ, ಆಹಾರದ ಸತ್ತ್ವಾಂಶವು ರಕ್ತಕ್ಕೆ ಹೀರಲ್ಪಡುವ ಸ್ಥಾನ. ಸಣ್ಣಕರುಳು ಮುಗಿಯುವಲ್ಲಿ, ಒಂದು ಕೊನೆ ಮುಚ್ಚಿದ ಎರಡು ಕುರುಡುಕರುಳುಗಳು ಜೋಡಿಯಾಗಿ ಅಂಟಿಕೊಂಡಿವೆ. ದೊಡ್ಡಕರುಳು ಗೇಣುದ್ದವೂ ಇಲ್ಲ. ಹಸು ತಿಂದ ಹುಲ್ಲು ದಿನಗಟ್ಟಲೆ ಅದರ ಹೊಟ್ಟೆಯಲ್ಲಿ ಉಳಿಯುವುದಷ್ಟೆ; ಕೋಳಿಯಲ್ಲಿ ಆಹಾರದ ಬಹುಭಾಗ ಕೆಲವೇ ಗಂಟೆಗಳಲ್ಲಿ ಈ ಹಾದಿಯನ್ನು ದಾಟಿಬಿಡುತ್ತದೆ. ಹಾರಬೇಕಾದ ಜಾತಿಗೆ ಭಾರವಾದ ಕರುಳು ಹೊರೆ. ಆದುದರಿಂದ ಇಷ್ಟು ಅಲ್ಪಕಾಲದಲ್ಲಿ ಪಚನ ನಡೆಯಬೇಕಾದರೆ ಪ್ರತಿಯೊಂದು ಅಂಗವೂ ತನ್ನ ಪಾಲಿನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸತಕ್ಕದ್ದು.

ಇವುಗಳಲ್ಲಿ ಎಲ್ಲಕ್ಕಿಂತ ಕುತೂಹಲಕರವಾದುದು ಪೇಷಣಜಠರ. ಈ ಹೆಸರು ಪಾರಿಭಾಷಿಕವಾದುದು; ದಿಲ್ಲಿಯ ಮಾಂಸದಂಗಡಿಯಲ್ಲಿ ಇದಕ್ಕೆ ಪೋಟಾ ಎನ್ನುತ್ತಾರೆ, ಹೈದರಾಬಾದಿನ ತೆಲುಗರು ಕಂದನಕಾಯ ಎನ್ನುತ್ತಾರೆ. ಪಾರಸಿಯ ಸಂಗ್‌ದಾನ್ ಎಂಬ ಮಾತಿಗಂತೂ ಕಲ್ಲುಗಳನ್ನಿಡುವ ಪಾತ್ರೆಯೆಂದೇ ಅರ್ಥ. ಕೋಳಿ ಹೆಕ್ಕಿ ನುಂಗಿದ ನೊರಜುಗಲ್ಲುಗಳು ಇಲ್ಲಿ ನಿಂತು, ಗೋಡೆಯ ಸ್ನಾಯುಗಳು ಹಿಂಡಿದಾಗಲೆಲ್ಲ ಕಾಳನ್ನು ಅರೆಯುತ್ತವೆ. ಕಲ್ಲು ತಿಂದು ಕರಗಿಸುವ ವಯಸ್ಸು ಎಂದು ನಾವು ಹುಡುಗರನ್ನು ಕುರಿತು ಹೇಳುವುದುಂಟು. ಇಲ್ಲಿ ಕಲ್ಲೇ ಕಾಳನ್ನು ಕರಗಿಸಲು ನೆರವಾಗುತ್ತದೆ. ಈ ಅಂಗದ ಬಲವನ್ನು ಕಂಡು ಹಿಂದಿನ ವಿದ್ವಾಂಸರು ಬೆರಗಾಗಿದ್ದರು. ಫ್ರಾನ್ಸಿನ ರೆಯೋಮ್ಯೂರನು ೧೭೫೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಟರ್ಕಿಕೋಳಿ ನುಂಗಿದ ತಗಡಿನ ಕೊಳವೆಗಳು ಚಪ್ಪಟೆಯಾಗಿ ನುಜ್ಜಾಗಿದ್ದುವು. ಇಟಲಿಯ ಸ್ಪಲ್ಲಾಂಜಾನಿಯು ಸೂಜಿಗಳನ್ನು ನಾಟಿದ ಸೀಸದ ಗುಂಡನ್ನು ನುಂಗಿಸಿ ನೋಡಿದನು. ಸೂಜಿಗಳು ಮುರಿದುವೇ ಹೊರತು ಹಕ್ಕಿಯ ಜಠರಕ್ಕೆ ಗಾಯವಾಗಲಿಲ್ಲ. ಇಂಥ ಪ್ರಯೋಗಗಳ ನಿಷ್ಕರುಣೆಯನ್ನು ಈಗಿನವರು ಒಪ್ಪಲಾರರು.

ಈ ಬೀಸುವ ಕಲ್ಲಿಗೆ ಒಂದು ವಿಶೇಷಗುಣವುಂಟು: ಕೆಲಸವಿದ್ದರೆ ಬೆಳೆಯುತ್ತದೆ, ಇಲ್ಲದಿದ್ದರೆ ಸೊರಗುತ್ತದೆ. ನುಣ್ಣಗೆ ಬೀಸಿದ ಹಿಟ್ಟನ್ನೇ ತಿಂದ ಕೋಳಿಯಲ್ಲಿ ಅರೆಯತಕ್ಕದ್ದೇನೂ ಇಲ್ಲದ ಕಾರಣ ಪೇಷಣಜಠರವು ತೆಳುವಾಗಿ ಬರಿಯ ಹಾದುಹೋಗುವ ದಾರಿಯಾಗುತ್ತದೆ. ಆಹಾರವು ಆಮ್ಲದಲ್ಲಿ ಸಾಕಷ್ಟು ಹೊತ್ತು ನೆನೆಯದೆ ಕರುಳಿಗೆ ನುಗ್ಗುತ್ತದೆ. ಅದೇ ಮೇವಿಗೆ ದಪ್ಪ ನುಚ್ಚನ್ನೋ ಇಡಿಯ ಕಾಳನ್ನೋ ಓಟ್ಸ್ ಧಾನ್ಯದ ಹೊಟ್ಟನ್ನೋ ಸೇರಿಸಿದರೆ ಚಿತ್ರವೇ ಬೇರೆ. ನಾರ್ವೆ ದೇಶದ ಬಿರ್ಗರ್ ಸ್ವೀಹುಸ್ ಅವರು ೨೦೧೧ರಲ್ಲಿ ಅದುವರೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದ್ದಾರೆ. ಅದರಂತೆ ಇಂಥ ಒರಟು ಆಹಾರದಿಂದ ಪೇಷಣಜಠರದ ಗಾತ್ರ ಇಮ್ಮಡಿಯವರೆಗೂ ಬೆಳೆಯಬಲ್ಲುದು. ಒಳಗಿನ ಪದಾರ್ಥದ ಆಮ್ಲತ್ವವೂ ಹೆಚ್ಚುತ್ತದೆ, ಪಿ.ಹೆಚ್. ಮಾನ ೦.೨ರಿಂದ ೧.೨ರಷ್ಟು ಇಳಿಯುತ್ತದೆ. ಈ ಮಾನದಲ್ಲಿ ಒಂದು ಅಂಕ ಇಳಿಯಿತೆಂದರೆ ಆಮ್ಲತ್ವ ಹತ್ತುಪಟ್ಟು ಏರಿತೆಂದು ಅರ್ಥ. ಆದುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಇದಕ್ಕೆ ಬೇಕಾದ ಒರಟು ನಾರು ಮೇವಿನ ನೂರರಲ್ಲಿ ಮೂರು ಪಾಲು ಮಾತ್ರ.

ನಾರಿನಲ್ಲಿ ಕೋಳಿಗೆ ದಕ್ಕುವ ಸತ್ತ್ವ ಅತ್ಯಲ್ಪ. ಆದುದರಿಂದ ಬಹುಕಾಲದವರೆಗೆ ಮೇವಿನ ಶಾಸ್ತ್ರಜ್ಞರು ಹೊಟ್ಟನ್ನು ಕೇವಲ ಕಲಬೆರಕೆಯೆಂದೆಣಿಸಿ ದೂರವಿಟ್ಟರು. ಆದರೆ ಜೀರ್ಣವಾಗದ ಆ ಹೊಟ್ಟು ಜೊತೆಯಲ್ಲಿರುವ ಪಿಷ್ಟದ ಜೀರ್ಣವನ್ನು ಹೆಚ್ಚಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಇದರ ಕಾರಣ ದುರೂಹವಲ್ಲ. ಹೊಟ್ಟು ಸಣ್ಣದಾಗುವವರೆಗೆ ಪೇಷಣಜಠರವು ಅದನ್ನು ಮುಂದೆ ಬಿಡುವುದಿಲ್ಲ. ಅದನ್ನು ಗ್ರಂಥಿಜಠರಕ್ಕೆ ಹಿಂದೂಡಿ ಮತ್ತೆ ಬರಮಾಡಿಕೊಂಡು ಅರೆಯುತ್ತದೆ. ಜೊತೆಗಿರುವ ಕಾಳೂ ಅಷ್ಟರಲ್ಲಿ ನುಣ್ಣಗಾಗಿ ಆಮ್ಲದಲ್ಲಿ ಚೆನ್ನಾಗಿ ಮಿಂದಿರುತ್ತದೆ. ಸಣ್ಣಕರುಳಿಗೆ ಸರಕು ಒಂದೇ ಸಮನಾಗಿ ಸಾಗುತ್ತದೆ. ನಾರೇ ಇಲ್ಲದ ಮೇವನ್ನು ತಿನ್ನುವ ಹಕ್ಕಿಗಳು ನೆಲಕ್ಕೆ ಹಾಸಿದ ಮರದ ಹೊಟ್ಟನ್ನೂ, ಕೆಲವು ವೇಳೆ ಒಂದರ ಪುಕ್ಕವನ್ನೊಂದು ಕಿತ್ತೂ ತಿನ್ನುತ್ತವೆ. ಶಾಸ್ತ್ರಜ್ಞರು ಮರೆತುದನ್ನು ಕೋಳಿಗಳು ಮರೆತಿರಲಿಲ್ಲವೆಂದು ಹೇಳಬಹುದು.

ಸುಣ್ಣಕಲ್ಲಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಮೊಟ್ಟೆಯಿಡುವ ಹೇಂಟೆಯ ಮೇವಿನಲ್ಲಿ ನೂರಕ್ಕೆ ಸುಮಾರು ನಾಲ್ಕರಷ್ಟು ಕ್ಯಾಲ್ಸಿಯಂ ಇರಬೇಕಾಗುತ್ತದೆ. ಮೊಟ್ಟೆಯ ಚಿಪ್ಪು ಕೂಡುವುದು ಬಹುಮಟ್ಟಿಗೆ ರಾತ್ರಿಯಲ್ಲಿ, ಹಕ್ಕಿ ಏನನ್ನೂ ತಿನ್ನದ ಹೊತ್ತಿನಲ್ಲಿ. ಸುಣ್ಣಕಲ್ಲನ್ನು ಪುಡಿಯಾಗಿ ಕೊಟ್ಟರೆ ಅದು ಹಗಲಿನಲ್ಲೇ ಕರಗಿ ಹೋಗಿರುತ್ತದೆ. ಹರಳಾಗಿ ಕೊಟ್ಟರೆ ಪೇಷಣಜಠರದಲ್ಲಿ ನಿಂತು ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವಾಗಿ ಕರಗುತ್ತ ಚಿಪ್ಪಿಗೆ ಒದಗುತ್ತದೆ. ಪದಾರ್ಥ ಒಂದೇ, ಹರಳಿನ ಗಾತ್ರ ಬೇರೆ. ಫಲದಲ್ಲಿ ಇಷ್ಟು ಅಂತರ.

ಇನ್ನು ಸಣ್ಣಕರುಳಿಗೆ ಬರೋಣ. ಮೆಂತ್ಯವನ್ನು ನೆನೆಯಿಟ್ಟ ನೀರು ಲೋಳೆಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗೋಧಿ, ಜವೆಗೋಧಿ, ರೈ ಎಂಬ ಧಾನ್ಯಗಳ ಕೋಶಭಿತ್ತಿಗಳಲ್ಲಿಯೂ ನೀರಿನಲ್ಲಿ ಕರಗಿ ಲೋಳೆಗಟ್ಟುವ ನಾರುಗಳುಂಟು. ಕೋಳಿಗೆ ಇವುಗಳನ್ನು ಒಡೆಯುವ ಕಿಣ್ವವಿಲ್ಲ. ಕರುಳಿನ ದ್ರವವು ಲೋಳೆಯಾದರೆ ಕಿಣ್ವಗಳು ಪಿಷ್ಟದ ಕಣಗಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಲಾರವು. ಕರಗಿದ ಸತ್ತ್ವಾಂಶ ಕರುಳಿನ ಗೋಡೆಯನ್ನು ಸೇರುವುದೂ ತಡವಾಗುತ್ತದೆ. ಕೊಬ್ಬಿಗೆ, ಅದರಲ್ಲೂ ಪ್ರಾಣಿಜನ್ಯವಾದ ಗಟ್ಟಿಕೊಬ್ಬಿಗೆ, ಇದರಿಂದ ಹೆಚ್ಚಿನ ಬಾಧೆ. ಹಿಕ್ಕೆ ಅಂಟಂಟಾಗಿ ನೆಲದ ಹಾಸು ಒದ್ದೆಯಾಗುತ್ತದೆ. ಆ ಒದ್ದೆಯಿಂದ ಏಳುವ ಅಮೋನಿಯದ ಘಾಟು ಹಕ್ಕಿಯ ಕಣ್ಣು ಶ್ವಾಸಕೋಶಗಳನ್ನೂ, ತೇವವು ಪಾದಗಳನ್ನೂ ಕೆಡಿಸುತ್ತದೆ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ೧೯೫೭ರಲ್ಲಿ ಜೆನ್ಸೆನ್ ಮತ್ತು ಸಂಗಡಿಗರು ಜವೆಗೋಧಿಯ ಮೇವಿಗೆ ಕಿಣ್ವವನ್ನು ಬೆರಸಿ ಮರಿಗಳ ಬೆಳವಣಿಗೆ ಸುಧಾರಿಸುವುದನ್ನು ತೋರಿಸಿದರು. ಈ ಸಂಗತಿ ವ್ಯಾಪಾರಕ್ಕೆ ಇಳಿಯಲು ಮೂವತ್ತು ವರ್ಷ ಹಿಡಿಯಿತು. ಇಂದು ಗೋಧಿ, ಜವೆಗೋಧಿಗಳ ಮೇವಿನಲ್ಲಿ ಇಂಥ ಕಿಣ್ವ ಬೆರಸುವುದು ವಾಡಿಕೆ.

ಕೆಡುಕೆಲ್ಲ ಲೋಳೆಯದೇ ಎಂದು ತಿಳಿಯಲಾಗದು. ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಬೆಳೆಸಿದ ಮರಿಗಳಿಗೆ ಲೋಳೆಗಟ್ಟುವ ಪೆಕ್ಟಿನ್ನನ್ನು ಕೊಟ್ಟು ನೋಡಿದಾಗ, ಸಾಧಾರಣ ಮರಿಗಳಲ್ಲಿ ಕಂಡುಬಂದ ಹಾನಿಯ ಬಹುಭಾಗ ಅವುಗಳಲ್ಲಿ ಕಾಣಲಿಲ್ಲ. ಲೋಳೆಯು ಆಹಾರದ ಚಲನೆಯನ್ನು ನಿಧಾನಗೊಳಿಸುವುದು. ಜೀರ್ಣವಾಗದೆ ಉಳಿದ ಪಿಷ್ಟವು ಸಣ್ಣಕರುಳಿನ ಕೆಳಭಾಗದಲ್ಲಿ ಏಕಾಣುಜೀವಿಗಳಿಗೆ ಔತಣವಾಗುವುದು. ಅವುಗಳಲ್ಲಿ ಕೆಲವು ಪಿತ್ತರಸದ ಲವಣಗಳನ್ನು ಒಡೆದು ಕೊಬ್ಬಿನ ಪಚನವನ್ನೇ ಕುಂಠಿಸುವುವು. ಹೀಗೆ ಕಾಳಿನ ದೋಷವು ಕರುಳಿನ ನಿವಾಸಿಗಳ ಕೈಯಿಂದ ಹಕ್ಕಿಯನ್ನು ಮುಟ್ಟುತ್ತದೆ. ಐಕ್‌ಮನ್ನನ ಊಹೆಯಲ್ಲಿ ಸತ್ತ್ವವಿತ್ತೆಂದು ಮೇಲೆ ಹೇಳಿದುದು ಈ ಅರ್ಥದಲ್ಲಿ.

ನಮ್ಮ ದೇಶದ ಕೋಳಿಮೇವಿನಲ್ಲಿ ಮುಸುಕಿನ ಜೋಳವೂ ಸೋಯಾ ಹಿಂಡಿಯೂ ಮುಖ್ಯವಾದುವು. ಮುಸುಕಿನ ಜೋಳದಲ್ಲಿ ಲೋಳೆಯ ನಾರು ಕಡಮೆ. ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಹೊಲಹೊಲವೂ ಮುಸುಕಿನ ಜೋಳವಾದುದಕ್ಕೆ ಕೋಳಿಮೇವಿನ ಬೇಡಿಕೆ ಒಂದು ದೊಡ್ಡ ಕಾರಣ. ಆದರೆ ಅಗ್ಗದ ಹಿಂಡಿಗಳನ್ನು ಬಳಸುವಾಗ ಎಚ್ಚರ ಅಗತ್ಯ. ಗೋರಿಕಾಯಿಯ ಬೀಜದಿಂದ ಗೋಂದನ್ನು ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಸಸಾರಜನಕ ಸಮೃದ್ಧವಾಗಿದೆ; ಅಂಟಿಕೊಂಡು ಉಳಿದ ಗೋಂದೂ ಇದೆ. ಅಳತೆ ಮೀರಿದರೆ ಮೇಲೆ ಹೇಳಿದ ಲೋಳೆಯ ಬಾಧೆಯೇ ಇಲ್ಲಿಯೂ ತಲೆದೋರುತ್ತದೆ. ಕೆಂಪು, ಕಂದುಬಣ್ಣದ ಕೆಲವು ಜೋಳಗಳಲ್ಲಿ ಒಗರಿನ ಟ್ಯಾನಿನ್ ಇದ್ದು ಅದು ಸಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿಜಾಪುರ ಸೊಲ್ಲಾಪುರಗಳ ಬಿಳಿಜೋಳಕ್ಕೆ ಈ ದೋಷವಿಲ್ಲ. ಮುಸುಕಿನ ಜೋಳದ ಹಳದಿ ಬಣ್ಣವು ಮೊಟ್ಟೆಯ ಭಂಡಾರಕ್ಕೂ ಕೋಳಿಯ ಕಾಲು ಚರ್ಮಗಳಿಗೂ ಇಳಿಯುತ್ತದೆ. ಆ ಬಣ್ಣವನ್ನು ಚರ್ಮದಲ್ಲಿ ಉಳಿಸಿಕೊಳ್ಳುವ ಗುಣ ಸಾಕುಕೋಳಿಗೆ ಬಂದುದು ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿಯೂ ಇರುವ ಬೂದುಬಣ್ಣದ ಕಾಡುಕೋಳಿಯಿಂದ ಎಂದು ೨೦೦೮ರಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ತಿಳಿದುಬಂತು. ಮುಖ್ಯವಂಶ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯದಾದರೂ ಕಾಲಿನ ಹಳದಿ ಭಾರತದ ಕಾಣಿಕೆ.

ಕುರುಡುಕರುಳುಗಳ ವ್ಯವಹಾರ ವಿಲಕ್ಷಣವಾದುದು. ಸಣ್ಣಕರುಳನ್ನು ದಾಟಿದ ಪದಾರ್ಥದಲ್ಲಿ ದ್ರವವೂ ಅತಿ ನುಣ್ಣನೆಯ ಕಣಗಳೂ ಮಾತ್ರ ಇವುಗಳೊಳಗೆ ಪ್ರವೇಶಿಸುತ್ತವೆ. ಒರಟಾದುದು ನೇರವಾಗಿ ಹೊರಹೋಗುತ್ತದೆ. ಮೂತ್ರದ ಯೂರಿಕ್ ಆಮ್ಲವೂ ಹಿಮ್ಮುಖ ಚಲನೆಯಿಂದ ಇಲ್ಲಿಗೆ ಬರುತ್ತದೆ. ಒಂದು ಗ್ರಾಮು ಪದಾರ್ಥದಲ್ಲಿ ಸಾವಿರ ಕೋಟಿಯ ಲೆಕ್ಕದಲ್ಲಿ ಏಕಾಣುಜೀವಿಗಳು ಇಲ್ಲಿ ವಾಸಿಸುತ್ತವೆ. ಅವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಹುಟ್ಟಿಸುತ್ತವೆ. ಬ್ಯುಟಿರಿಕ್ ಆಮ್ಲವು ಕರುಳಿನ ಗೋಡೆಯ ಕೋಶಗಳಿಗೆ ಆಹಾರ. ಆದರೆ ನಾರಿನ ಬದಲು ಅರಗದ ಸಸಾರಜನಕವೇ ಹೆಚ್ಚಾಗಿ ಬಂದು ಬಿದ್ದರೆ ಹುದುಗುವುದಕ್ಕೆ ಬದಲಾಗಿ ಕೊಳೆಯುವುದು ಮೊದಲಾಗಿ, ಅಮೋನಿಯ ಮುಂತಾದ ಅಹಿತವಸ್ತುಗಳು ಹುಟ್ಟುತ್ತವೆ. ಕುರುಡುಕರುಳು ದಿನಕ್ಕೆ ಕೆಲವು ಸಲ ಮಾತ್ರ ಬರಿದಾಗುತ್ತದೆ. ಆಗಿನ ಹಿಕ್ಕೆ ಕಂದುಬಣ್ಣದ್ದು, ಅಂಟಾದುದು, ದುರ್ಗಂಧದ್ದು. ಅನುಭವಿಯು ಅದನ್ನು ಭೇದಿಯೆಂದು ಭ್ರಮಿಸುವುದಿಲ್ಲ.

ಕರುಳಿನ ನಿವಾಸಿಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದೊಂದುಂಟು. ಸಾಧಾರಣವಾಗಿ ಅದು ಅಲ್ಪಸಂಖ್ಯೆಯಲ್ಲಿ ನಿರುಪದ್ರವಿಯಾಗಿರುತ್ತದೆ. ಮೇವಿನಲ್ಲಿ ಮೀನಿನ ಪುಡಿ ಅಧಿಕವಾದಾಗ, ಇಲ್ಲವೇ ಗೋಧಿ, ರೈಗಳ ಲೋಳೆ ಹೆಚ್ಚಿದಾಗ, ಅದು ಮಿತಿಮೀರಿ ಬೆಳೆಯಲು ಎಡೆಯಾಗುತ್ತದೆ. ಕರುಳಿನ ಒಳಪದರಕ್ಕೆ ಮೊದಲೇ ಬೇರೊಂದು ರೋಗದಿಂದ ಪೆಟ್ಟುಬಿದ್ದಿದ್ದರೆ, ಅದರ ವಿಷದಿಂದ ಆ ಪದರವೇ ಸತ್ತು ಸುಲಿಯುತ್ತದೆ. ೧೯೬೧ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ವಿವರಿಸಲ್ಪಟ್ಟ ಈ ವ್ಯಾಧಿಯನ್ನು ಹತ್ತಿಕ್ಕುತ್ತಿದ್ದುದು ಮೇವಿಗೆ ಬೆರಸುತ್ತಿದ್ದ ಜೀವಿರೋಧಕ ಔಷಧ.

ಆ ಪದ್ಧತಿಯ ಆರಂಭವೂ ಆಕಸ್ಮಿಕವೇ. ೧೯೪೦ರ ದಶಕದ ಕೊನೆಗೆ ಅಮೆರಿಕದಲ್ಲಿ ಸ್ಟೋಕ್‌ಸ್ಟಡ್ ಮತ್ತು ಜ್ಯೂಕ್ಸ್ ಎಂಬುವರು, ಔಷಧ ತಯಾರಿಕೆಯಲ್ಲಿ ಉಳಿದ ಗಸಿಯಲ್ಲಿ ಬಿ-೧೨ ಜೀವಸತ್ತ್ವವಿದ್ದೀತೆಂದು ಅದನ್ನು ಮರಿಗಳಿಗೆ ತಿನ್ನಿಸಿದರು. ಮರಿಗಳು ಜೀವಸತ್ತ್ವದಿಂದ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚಾಗಿ ಬೆಳೆದುವು. ಗಸಿಯಲ್ಲಿ ಉಳಿದಿದ್ದ ಔಷಧವೇ ಅದಕ್ಕೆ ಕಾರಣವಾಗಿತ್ತು. ಸೂಕ್ಷ್ಮಜೀವಿರಹಿತವಾದ ಮರಿಗಳಲ್ಲಿ ಈ ಲಾಭ ಕಾಣಿಸುವುದಿಲ್ಲವೆಂದು ೧೯೬೩ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ಎಂದರೆ ಔಷಧವು ಬೆಳೆಸುತ್ತಿದ್ದುದು ಹಕ್ಕಿಯನ್ನಲ್ಲ. ಕರುಳಿನ ನಿವಾಸಿಗಳನ್ನು ಕತ್ತರಿಸುತ್ತಿತ್ತು. ಬೆಳವಣಿಗೆಗಾಗಿ ಔಷಧ ಬೆರಸುವುದನ್ನು ಸ್ವೀಡನ್ ೧೯೮೬ರಲ್ಲಿಯೂ ಐರೋಪ್ಯ ಒಕ್ಕೂಟ ೨೦೦೬ರಲ್ಲಿಯೂ ನಿಷೇಧಿಸಿದುವು. ಮನುಷ್ಯರಿಗೆ ಕಡೆಯ ಆಸರೆಯಾದ ಕಾಲಿಸ್ಟಿನ್ ಎಂಬುದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸಕೂಡದೆಂದು ಭಾರತ ಸರಕಾರ ೨೦೧೯ರಲ್ಲಿ ಆಜ್ಞೆಮಾಡಿತು.

ಔಷಧದ ಸ್ಥಾನವನ್ನು ಏನು ತುಂಬಬೇಕು? ಒಂದು ಉತ್ತರ ೧೯೭೩ರಲ್ಲಿಯೇ ಫಿನ್ಲೆಂಡಿನಿಂದ ಬಂದಿತ್ತು. ಹೇಂಟೆಯ ಕಾವಿನಲ್ಲಿ ಹುಟ್ಟಿದ ಮರಿ ತಾಯಿಯ ಸುತ್ತ ಕೆದರುತ್ತ, ಕುಕ್ಕುತ್ತ, ಅವಳ ಕರುಳಿನ ಜೀವಿಗಳನ್ನು ಮೊದಲ ದಿನವೇ ಪಡೆದುಕೊಳ್ಳುತ್ತದೆ. ಯಂತ್ರದ ಕಾವಿನಲ್ಲಿ ಒಡೆದ ಮರಿಗೆ ಆ ಭಾಗ್ಯವಿಲ್ಲ. ಬರಿದಾದ ಅದರ ಕರುಳಿನಲ್ಲಿ ಸಾಲ್ಮೊನೆಲ್ಲಾ ರೋಗಾಣು ಸುಲಭವಾಗಿ ನೆಲೆಯೂರುತ್ತದೆ. ನುರ್ಮಿ ಮತ್ತು ರಂತಲ ಎಂಬುವರು ಆರೋಗ್ಯವಂತ ಬೆಳೆದ ಕೋಳಿಯ ಕರುಳಿನ ಪದಾರ್ಥವನ್ನು ಎಳೆಮರಿಗಳಿಗೆ ಕೊಟ್ಟು, ಅವು ಆ ಸೋಂಕನ್ನು ತಡೆಯುವುದನ್ನು ಕಂಡರು. ಜಾಗವೆಲ್ಲ ಮೊದಲೇ ತುಂಬಿದ್ದರೆ ಹೊಸಬನಿಗೆ ಎಡೆಯೆಲ್ಲಿ? ಮುಂಬಯಿಯ ಲೋಕಲ್ ಗಾಡಿಯಲ್ಲಿ ಓಡಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಉತ್ತರ ಪೇಷಣಜಠರದ್ದು. ಚೆನ್ನಾಗಿ ಬೆಳೆದು ಆಮ್ಲಭರಿತವಾದ ಪೇಷಣಜಠರವು ಬಾಯಿಂದ ಬಂದ ರೋಗಾಣುಗಳಲ್ಲಿ ಅನೇಕವನ್ನು ಅಲ್ಲಿಯೇ ಕೊಲ್ಲುತ್ತದೆ. ಡೆನ್ಮಾರ್ಕಿನ ಪ್ರಯೋಗಗಳಲ್ಲಿ ಇಡಿಯ ಗೋಧಿ ತಿಂದ ಕೋಳಿಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ ಎರಡೂ ಕಡಮೆಯಾಗಿದ್ದುವು. ಕಾರ್ಯರೂಪದಲ್ಲಿ ಒಂದು ತೊಡಕುಂಟು. ಮೇವನ್ನು ಗುಳಿಗೆಯಾಗಿ ಒತ್ತಿದರೆ ಹಕ್ಕಿ ಹೆಚ್ಚು ತಿನ್ನುತ್ತದೆ, ಬೇಗ ತೂಗುತ್ತದೆ; ಆದುದರಿಂದ ಮಾಂಸದ ಕೋಳಿಯನ್ನು ಸಾಕುವವರು ಗುಳಿಗೆಯನ್ನೇ ಬಯಸುತ್ತಾರೆ. ಆದರೆ ಗುಳಿಗೆಯ ಯಂತ್ರವು ಒತ್ತುವಾಗ ನುಚ್ಚನ್ನೂ ಪುಡಿಮಾಡಿಬಿಡುತ್ತದೆ. ಒರಟಾಗಿ ಬೀಸಿದ ಶ್ರಮವೆಲ್ಲ ವ್ಯರ್ಥ. ಆ ಕಾರಣದಿಂದ ಉತ್ತರ ಯೂರೋಪಿನಲ್ಲಿ ಗುಳಿಗೆಯನ್ನು ಮಾಡಿದ ಮೇಲೆ ಇಡಿಯ ಗೋಧಿಯನ್ನು ಅದರೊಂದಿಗೆ ಬೆರಸಿ ಹಾಕುವ ರೂಢಿ ಬೆಳೆಯಿತು. ನಮ್ಮಲ್ಲಿ ಮೊಟ್ಟೆಕೋಳಿಗಳಿಗೆ ಹಿಟ್ಟು ನುಚ್ಚುಗಳ ಮಿಶ್ರಣವನ್ನೇ ಹಾಕುವುದು ಹೆಚ್ಚಾಗಿರುವುದರಿಂದ, ಗಿರಣಿಯ ಜರಡಿಯ ಕಣ್ಣನ್ನು ಸ್ವಲ್ಪ ಹಿರಿದುಮಾಡಿದರೂ ಸಾಕು, ಜೋಳದ ನುಚ್ಚು ಪೇಷಣಜಠರಕ್ಕೆ ಮುಟ್ಟುತ್ತದೆ. ಇದಕ್ಕೆ ಬೇರೆ ಖರ್ಚಿಲ್ಲ. ಬೀಸುವ ವಿದ್ಯುತ್ತಿನಲ್ಲಿ ಉಳಿತಾಯವೂ ಉಂಟು.